ಕೋಳಿ ಮೊಟ್ಟೆಗೆ ಮಾತ್ರ

ಮರಿ ಇನ್ನೂ ಮೊಟ್ಟೆಯೊಳಗಿರುವಾಗಲೇ ಅದು ಹೆಣ್ಣೋ ಗಂಡೋ ಎಂದು ತಿಳಿದುಬಿಟ್ಟರೆ? ಡಾ. ವಾರಿಜಾ ಕಂಪ್ಲಿ ವರ್ಷಗಟ್ಟಲೆ ತಲೆಯಲ್ಲಿ ಹೊತ್ತು ತಿರುಗಿದ್ದು ಈ ಒಂದೇ ಪ್ರಶ್ನೆಯನ್ನು. ಅದು ಅವಳಿಗೆ ಪುಸ್ತಕದಿಂದ ಬಂದದ್ದಲ್ಲ, ಒಂದು ಸದ್ದಿನಿಂದ ಬಂದದ್ದು. ಪಶುವೈದ್ಯಕೀಯ ಓದು ಮುಗಿಸಿ ತುಂಗಭದ್ರಾ ಕಾಲುವೆ ಸೀಮೆಯ ಒಂದು ದೊಡ್ಡ ಹ್ಯಾಚರಿಗೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳನ್ನು ಮರಿ ವಿಂಗಡಿಸುವ ಕೋಣೆಗೆ ಕರೆದೊಯ್ದಿದ್ದರು. ಉದ್ದನೆಯ ಮೇಜಿನ ಎರಡೂ ಬದಿಗೆ ಹೆಂಗಸರು ಕುಳಿತು, ಆಗಷ್ಟೇ ಚಿಪ್ಪು ಒಡೆದು ಬಂದ ಹಳದಿ ಮರಿಗಳನ್ನು ಒಂದೊಂದಾಗಿ ಎತ್ತಿ, ರೆಕ್ಕೆ ಬಿಡಿಸಿ ನೋಡಿ, ಎಡಕ್ಕೊಂದು ಬಲಕ್ಕೊಂದು ಹಾಕುತ್ತಿದ್ದರು. ಗರಿಗಳು ಒಂದು ಉದ್ದ ಒಂದು ಗಿಡ್ಡ ಇದ್ದರೆ ಹೆಣ್ಣು, ಎಲ್ಲವೂ ಒಂದೇ ಅಳತೆಗಿದ್ದರೆ ಗಂಡು. ಹೆಣ್ಣು ಬೆಳೆದು ಮೊಟ್ಟೆ ಇಡುತ್ತದೆ. ಮೊಟ್ಟೆಗೆಂದೇ ಸಾಕುವ ಆ ತಳಿಯ ಗಂಡು ಮೊಟ್ಟೆಯನ್ನಂತೂ ಇಡುವುದಿಲ್ಲ, ಬೇಗ ಮೈ ತುಂಬಿಕೊಳ್ಳುವುದೂ ಇಲ್ಲ, ತಿಂದ ಮೇವು ದಂಡ. ಹಾಗಾಗಿ ಎಡಗಡೆಯ ಬುಟ್ಟಿ ತುಂಬಿದಂತೆಲ್ಲ ಅದನ್ನು ಮೂಲೆಯಲ್ಲಿದ್ದ ಯಂತ್ರದ ಬಾಯಿಗೆ ಸುರಿಯುತ್ತಿದ್ದರು. ಅದು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಮರಿಗಳ ಕಿಚಿಪಿಚಿ ಅದರೊಳಗೆ ಹೋಗಿ ನಿಂತುಬಿಡುತ್ತಿತ್ತು.

ಹುಟ್ಟಿದ ಮೇಲೆ ಕೊಲ್ಲುವ ಬದಲು, ಜೀವ ಗಟ್ಟಿಯಾಗುವ ಮೊದಲೇ ಆ ಮೊಟ್ಟೆಗಳನ್ನು ಬೇರೆ ಮಾಡಬಹುದಲ್ಲ ಎಂದು ವಾರಿಜಾ ಹಟ ಹಿಡಿದಳು. ಮೊಟ್ಟೆಯ ಚಿಪ್ಪು ಕಣ್ಣಿಗೆ ಕಲ್ಲಿನಂತೆ ಕಂಡರೂ ಅದರ ತುಂಬ ಸೂಕ್ಷ್ಮ ರಂಧ್ರಗಳಿವೆ, ಒಳಗಿನ ಜೀವ ಅವುಗಳ ಮೂಲಕ ಉಸಿರಾಡುತ್ತದೆ. ಕಾವಿಗೆ ಕೂರಿಸಿದ ಮೊದಲ ವಾರದಲ್ಲೇ ಹೆಣ್ಣು ಭ್ರೂಣ ಬಿಡುವ ಆವಿಗೂ ಗಂಡು ಭ್ರೂಣ ಬಿಡುವ ಆವಿಗೂ ಕೂದಲೆಳೆಯಷ್ಟು ವ್ಯತ್ಯಾಸವಿರುತ್ತದೆ ಎಂದು ಅವಳು ಕಂಡುಕೊಂಡಳು. ಆಮೇಲೆ ಆ ವ್ಯತ್ಯಾಸ ಹಿಡಿಯುವ ಯಂತ್ರ ಮಾಡಿದಳು. ಮೊಟ್ಟೆಯ ನೆತ್ತಿಗೆ ರಬ್ಬರಿನ ಪುಟ್ಟ ಬಟ್ಟಲು ಕವುಚಿ ಕೂರುತ್ತದೆ, ಒಂದು ಗುಟುಕು ಗಾಳಿ ಎಳೆದುಕೊಳ್ಳುತ್ತದೆ, ಒಳಗಿನ ಸಂವೇದಕಗಳು ಅದನ್ನು ಮೂಸಿ ನೋಡಿ ದೀಪ ಹತ್ತಿಸುತ್ತವೆ. ಹಸಿರು ಹತ್ತಿದರೆ ಹೆಣ್ಣು, ಮೊಟ್ಟೆ ಕಾವಿನ ಪೆಟ್ಟಿಗೆಗೆ ಮರಳಿ ಹೋಗಬೇಕು. ಕೆಂಪು ಹತ್ತಿದರೆ ಗಂಡು, ತೆಗೆದುಬಿಡಬೇಕು. ಕೆಲಸದವರೆಲ್ಲ ಅದನ್ನು ‘ಮೂಗು’ ಎಂದು ಕರೆದರು. ಹ್ಯಾಚರಿ ನಡೆಸುವ ಕಂಪನಿ ಇಟ್ಟಿದ್ದ ಉದ್ದನೆಯ ಹೆಸರು ಯಾರ ಬಾಯಿಗೂ ಹತ್ತಲಿಲ್ಲ.

ಮೂಲೆಯ ಗಿರಣಿಯನ್ನು ಕಿತ್ತು ಗುಜರಿಗೆ ಕಳಿಸಿದ ದಿನ ವಾರಿಜಾ ಕೋಣೆಯ ಹೆಂಗಸರಿಗೆಲ್ಲ ಜಿಲೇಬಿ ಹಂಚಿದಳು. ಅವರಲ್ಲಿ ಹುಲಿಗೆಮ್ಮ ಎಂಬವಳು, ಮರಿಗಳ ರೆಕ್ಕೆ ನೋಡುವುದರಲ್ಲಿ ಎಲ್ಲರಿಗಿಂತ ಚುರುಕು, ಇನ್ನುಮುಂದೆ ತನ್ನ ಕೈಯಿಂದ ಆ ಪಾಪ ಆಗುವುದಿಲ್ಲವೆಂದು ಹೇಳಿ ಕಣ್ಣೊರೆಸಿಕೊಂಡಳು. ಅವಳನ್ನೇ ಮೂಗಿನ ಕೆಲಸಕ್ಕೆ ಹಾಕಿದರು.

ಎರಡು ವರ್ಷ ಹೀಗೆ ಚೆನ್ನಾಗಿ ನಡೆಯಿತು. ಸಣ್ಣ ಹ್ಯಾಚರಿಯವರಿಗೂ ಸಿಗಲಿ ಎಂದು ಕಂಪನಿ ಅಂಗೈಯಗಲದ ಮೂಗನ್ನು ಮಾರುಕಟ್ಟೆಗೆ ಬಿಟ್ಟಿತು. ಪೆಟ್ಟಿಗೆಯ ಮೇಲೆ ಕಾವಿಗೆ ಕೂತ ಹೇಂಟೆಯ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಕೋಳಿ ಮೊಟ್ಟೆಗೆ ಮಾತ್ರ’ ಎಂಬ ಸಾಲು. ಬಾತುಕೋಳಿ, ಗೌಜುಗದ ಮೊಟ್ಟೆಗೆ ಇಟ್ಟು ನೋಡಿ ಸರಿಯಿಲ್ಲವೆಂದು ಯಾರಾದರೂ ಜಗಳ ತೆಗೆದಾರೆಂದು ಈ ಸಾಲು ಹಾಕಿರಬೇಕೆಂದು ವಾರಿಜಾ ತಿಳಿದಿದ್ದಳು.

ಆಮೇಲೆ ಒಂದು ಮೂಗು ದುರಸ್ತಿಗೆ ಬಂತು. ಸಾಮಾನ್ಯವಾಗಿ ದುರಸ್ತಿಗೆ ಬರುವ ಯಂತ್ರಗಳ ಬಟ್ಟಲಿನಲ್ಲಿ ಚಿಪ್ಪಿನ ಧೂಳು, ಪುಕ್ಕದ ಎಳೆ ಸಿಕ್ಕಿಕೊಂಡಿರುತ್ತದೆ. ಇದರ ಬಟ್ಟಲು ಹಳದಿಯಾಗಿತ್ತು. ಮೂಸಿದರೆ ಕೊಬ್ಬರಿ ಎಣ್ಣೆ, ಅರಿಸಿನ, ಪೌಡರಿನ ವಾಸನೆ. ರಬ್ಬರು ಹಿಗ್ಗಿ ಸಡಿಲಾಗಿತ್ತು, ಮೊಟ್ಟೆಗಿಂತ ಅಗಲವಾದ ಯಾವುದರದೋ ಮೇಲೆ ಒತ್ತಿ ಒತ್ತಿ ಇಟ್ಟ ಹಾಗೆ. ವಾರಿಜಾ ಸಂವೇದಕದ ಮೇಲಿನ ಜಿಡ್ಡನ್ನು ತೆಗೆದು ಪ್ರಯೋಗಾಲಯದ ದೊಡ್ಡ ಯಂತ್ರಕ್ಕೆ ಕೊಟ್ಟಳು. ಬಂದ ಉತ್ತರದಲ್ಲಿ ಮನುಷ್ಯರ ಚರ್ಮ ಒಸರುವ ಎಣ್ಣೆಯ ಗುರುತು ಢಾಳಾಗಿತ್ತು. ಯಾರೋ ಆಟಕ್ಕೆ ಕೈಮೇಲೆ ಇಟ್ಟು ನೋಡಿರಬಹುದು ಎಂದುಕೊಂಡಳು. ಆದರೆ ಮರುವಾರ ಬೇರೆ ಊರಿಂದ ಬಂದ ಇನ್ನೊಂದರಲ್ಲೂ ಅದೇ ಅರಿಸಿನ, ಅದೇ ಎಣ್ಣೆ.

ಪ್ರತಿ ಮೂಗಿನೊಳಗೂ ಯಾವ ವಾಸನೆ ಹೆಣ್ಣು, ಯಾವುದು ಗಂಡು ಎಂದು ಹೋಲಿಸಿ ನೋಡಲು ಒಂದು ಕೋಷ್ಟಕ ಇರುತ್ತದೆ. ಬಳಸಿದಂತೆ ಸಂವೇದಕಗಳು ಮಂಕಾಗುವುದರಿಂದ ಆ ಕೋಷ್ಟಕವನ್ನು ವಾರಿಜಾಳ ಪ್ರಯೋಗಾಲಯದಿಂದ ಆಗಾಗ ತಿದ್ದಿ, ಫೋನಿನ ಜಾಲದ ಮೂಲಕ ಎಲ್ಲ ಯಂತ್ರಗಳಿಗೂ ಕಳಿಸುತ್ತಿದ್ದರು. ಈ ಎರಡು ಯಂತ್ರಗಳನ್ನು ಬಿಚ್ಚಿ ನೋಡಿದಾಗ ಅವುಗಳಲ್ಲಿ ಎರಡೆರಡು ಕೋಷ್ಟಕಗಳಿದ್ದವು. ಒಂದು ಅವಳದು. ಇನ್ನೊಂದನ್ನು ಅವಳು ಬರೆದಿರಲಿಲ್ಲ. ಅದರಲ್ಲಿದ್ದ ಆವಿಗಳ ಹೆಸರನ್ನು ಒಂದೊಂದಾಗಿ ಓದಿಕೊಂಡು ಹೋದಂತೆ ಅದು ಯಾತಕ್ಕೆಂದು ಅವಳಿಗೆ ಅರ್ಥವಾಯಿತು. ಬಸುರಿಯ ಹೊಟ್ಟೆಯಲ್ಲಿ ಗಂಡು ಭ್ರೂಣವಿದ್ದರೆ ಅದು ಬಿಡುವ ರಸಗಳು ತಾಯಿಯ ರಕ್ತಕ್ಕೆ ಸೇರಿ, ಅಲ್ಲಿಂದ ಬೆವರಿಗೆ ಬಂದು, ಚರ್ಮದಿಂದ ಎಳ್ಳಷ್ಟು ಹೊರಬೀಳುತ್ತವೆ. ಅದನ್ನು ಹಿಡಿಯಲು ಬೇಕಾದಷ್ಟು ಸೂಕ್ಷ್ಮವಾದ ಮೂಗನ್ನು ಜಗತ್ತಿನಲ್ಲಿ ಯಾರೂ ಮಾಡಿರಲಿಲ್ಲ. ಅವಳೇ ಮಾಡಿಕೊಟ್ಟಿದ್ದಳು.

ಅವಳು ಆ ಎರಡೂ ಯಂತ್ರಗಳನ್ನು ಎತ್ತಿಕೊಂಡು ನೇರವಾಗಿ ನಿರ್ದೇಶಕ ಜಯಸಿಂಹನ ಕೋಣೆಗೆ ಹೋದಳು. ಜಯಸಿಂಹ ಯಾವತ್ತೂ ದನಿ ಏರಿಸಿದವನಲ್ಲ. ಆ ಹಳದಿ ಬಟ್ಟಲನ್ನು ಬೆರಳಿನಿಂದ ಮುಟ್ಟದೆ, ಪೆನ್ನಿನ ತುದಿಯಿಂದ ಅತ್ತ ಸರಿಸಿ, ಆ ಎರಡನೇ ಕೋಷ್ಟಕದ ಬಗ್ಗೆ ಕಂಪನಿಗೆ ಏನೂ ಗೊತ್ತಿಲ್ಲ ಎಂದ. ಹೊರಗಿನವರು ಯಾರೋ ತುಂಬಿಸಿಕೊಂಡಿರಬಹುದು ಎಂದ. ಕೋಷ್ಟಕ ತುಂಬಿಸಲು ಯಂತ್ರದ ಬೀಗ ತೆರೆಯುವ ಗುಪ್ತ ಕೀಲಿ ಈ ಕಟ್ಟಡದಲ್ಲಿ ಮಾತ್ರ ಇದೆಯಲ್ಲ ಎಂದು ಅವಳು ಕೇಳಿದ್ದಕ್ಕೆ ಮೇಜಿನ ಮೇಲಿದ್ದ ಮೂಗಿನ ಖಾಲಿ ಪೆಟ್ಟಿಗೆಯನ್ನು ಅವಳ ಕಡೆ ತಿರುಗಿಸಿದ.

“ಪೆಟ್ಟಿಗೆ ಮೇಲೆ ಏನು ಬರ್ದಿದೆ ಓದಿ, ಡಾಕ್ಟರೇ,” ಎಂದ. “ನಾವು ಮಾರೋದು ಕೋಳಿಯವರಿಗೆ. ಕೊಂಡವರು ಅದನ್ನ ಎಲ್ಲಿಟ್ಟು ನೋಡ್ತಾರೋ ಅದು ಅವರ ಹಣೆಬರಹ, ಅವರ ಕಾನೂನು.”

ತಿದ್ದುಪಡಿ ಕಳಿಸುವ ಪಟ್ಟಿಯನ್ನು ನೆನೆದು, ಕೋಳಿಯೇ ಸಾಕದ ಪೇಟೆಗಳಿಗೆ ಇಷ್ಟೊಂದು ಮೂಗುಗಳು ಯಾಕೆ ಹೋಗುತ್ತಿವೆ ಎಂದು ಅವಳು ಕೇಳಿದಳು. ಅವನು ಮುಗುಳ್ನಕ್ಕು, ಈ ವರ್ಷದ ಬೋನಸ್ಸನ್ನು ಅವಳು ಬೇಡವೆಂದಿರಲಿಲ್ಲವಲ್ಲ ಎಂದು ನೆನಪಿಸಿದ. ವಾರಿಜಾಗೆ ಮೈಯೆಲ್ಲ ಉರಿಯಿತು. ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ನೋಡುವುದೂ ಹೇಳುವುದೂ ಅಪರಾಧವೆಂದು ಆಸ್ಪತ್ರೆಯ ಗೋಡೆಗೋಡೆಯ ಮೇಲೆ ಬರೆಸಿರುವ ನಾಡಿನಲ್ಲಿ, ಹೇಂಟೆಯ ಚಿತ್ರವೊಂದನ್ನು ಅಂಟಿಸಿ ಈ ಮನುಷ್ಯ ಅದನ್ನು ಕಿರಾಣಿಯಂತೆ ಮಾರುತ್ತಿದ್ದ. ಅವಳು ಆರೋಗ್ಯ ಇಲಾಖೆಯವರಿಗೆ ದೂರು ಬರೆಯಬೇಕೆಂದುಕೊಂಡಳು. ಬರೆಯಲು ಕೂತಾಗಲೆಲ್ಲ ಯಾರು, ಎಲ್ಲಿ, ಯಾವಾಗ ಎಂಬ ಪ್ರಶ್ನೆಗೆ ಅವಳ ಬಳಿ ಎರಡು ಜಿಡ್ಡುಗಟ್ಟಿದ ಬಟ್ಟಲುಗಳ ಹೊರತು ಏನೂ ಇರಲಿಲ್ಲ. ಹೀಗೆ ಕೆಲವು ದಿನ ಕಳೆದುಹೋದವು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಹುಲಿಗೆಮ್ಮ ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತಳು. ಅವಳಿಗೆ ಮೊದಲನೆಯದು ಹೆಣ್ಣು ಮಗು. ಈಗ ನಾಲ್ಕು ತಿಂಗಳ ಬಸುರಿ. ಗಂಡ ದುರುಗಪ್ಪ ಅದೇ ಕಂಪನಿಯ ಮರಿ ಸಾಗಿಸುವ ವ್ಯಾನು ಓಡಿಸುತ್ತಿದ್ದ. ಒಳಗೆ ಬಾ ಎಂದರೂ ಅವಳು ಹೊಸ್ತಿಲು ದಾಟಲಿಲ್ಲ.

“ಅಕ್ಕಾರ, ನಿಮ್ಮ ಮಿಷಿನ್ನ ನನ್ನ ಹೊಟ್ಟಿ ಮ್ಯಾಲ ಇಟ್ರು,” ಎಂದಳು.

ಇಟ್ಟವನು ಪೇಟೆಯಲ್ಲಿ ಕೋಳಿ ಆಹಾರದ ಅಂಗಡಿ ನಡೆಸುವ ಶಾಂತರಾಜ. ಕರೆದುಕೊಂಡು ಹೋದವಳು ಅತ್ತೆ ಯಂಕಮ್ಮ. ಅಂಗಡಿಯ ಹಿಂದೆ ಮೇವಿನ ಚೀಲಗಳ ಮರೆಗೆ ಗೋಣಿಪರದೆ ಕಟ್ಟಿದ್ದಾರೆ, ಬಸುರಿಯರು ಅಲ್ಲಿ ಚೀಲದ ಮೇಲೆ ಸಾಲಾಗಿ ಕೂತಿರುತ್ತಾರೆ. ಹುಲಿಗೆಮ್ಮಳಿಗೆ ಹಸಿರು ದೀಪ ಹತ್ತಿತು. ಮುಂದಿನ ವಾರ ಹೊಳೆಯಾಚೆಯ ಊರಿಗೆ ಹೋಗಿ ತೆಗೆಸಿಕೊಂಡು ಬರಬೇಕೆಂದು ಮನೆಯಲ್ಲಿ ಗೊತ್ತುಮಾಡಿದ್ದಾರೆ. ಗಾಡಿಗೂ ಹೇಳಿಯಾಗಿದೆ. ಗಂಡ ಬಾಯಿ ಬಿಡುತ್ತಿಲ್ಲ. ಇಷ್ಟನ್ನೂ ಅವಳು ಅಳದೆ, ಬೇರೆ ಯಾರಿಗೋ ಆದದ್ದನ್ನು ಹೇಳುವ ಹಾಗೆ ಹೇಳಿದಳು. ಅದಾದ ಮೇಲೆ ಅವಳ ದನಿ ಬದಲಾಯಿತು.

“ಇಲ್ಲಿ ಕೆಂಪು ಬಂದ್ರ ತೆಗಿ ಅಂತೀರಿ, ತೆಗಿತೀನಿ. ಅಲ್ಲಿ ಹಸಿರು ಬಂದ್ರ ತೆಗಸು ಅಂತಾರ. ಮಿಷಿನ್ ಮಾತ್ರ ಒಂದಽ. ನಿಮಗಿದು ಗೊತ್ತಿತ್ತೇನ್ರಿ?”

“ಗೊತ್ತಾಗಿ ಸ್ವಲ್ಪ ದಿನ ಆತು,” ಎಂದಳು ವಾರಿಜಾ.

“ಗೊತ್ತಾದ ಮ್ಯಾಲ ಏನ್ ಮಾಡಿದ್ರಿ?”

 ಹುಲಿಗೆಮ್ಮ ಉತ್ತರಕ್ಕೆ ಕಾಯದೆ ಕೆಲಸಕ್ಕೆ ಮರಳಿದಳು.

ಅಂದೇ ವಾರಿಜಾ ದೂರು ಕೊಟ್ಟಳು. ಶಾಂತರಾಜನ ಹೆಸರು, ಅಂಗಡಿ, ಗೋಣಿಪರದೆ ಎಲ್ಲ ಹೇಳಿದಳು. ಹುಲಿಗೆಮ್ಮ ಆ ಮನೆಯಲ್ಲೇ ಬಾಳಬೇಕಾದವಳಾದ್ದರಿಂದ ಅವಳ ಹೆಸರು ಮಾತ್ರ ಹೇಳಲಿಲ್ಲ. ಇಲಾಖೆಯಿಂದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದ. ಅವನು ಬರುವ ಸುದ್ದಿ ಅವನಿಗಿಂತ ಮೊದಲೇ ಅಂಗಡಿ ತಲುಪಿತ್ತು. ಪರದೆಯಿರಲಿಲ್ಲ, ಹೆಂಗಸರಿರಲಿಲ್ಲ. ಶಾಂತರಾಜ ಒಂದು ಬುಟ್ಟಿ ಕಾವಿನ ಮೊಟ್ಟೆ ತಂದಿಟ್ಟು, ಮೂಗನ್ನು ಒಂದೊಂದರ ಮೇಲೂ ಕೂರಿಸಿ, ಹಸಿರು ಕೆಂಪು ದೀಪ ಹತ್ತಿಸಿ ತೋರಿಸಿದ. ಅಧಿಕಾರಿಗೆ ಆ ಆಟ ತುಂಬ ಹಿಡಿಸಿ ತಾನೂ ಎರಡು ಮೊಟ್ಟೆಗೆ ಇಟ್ಟು ನೋಡಿದ. ಕೋಳಿ ಆಹಾರದ ಅಂಗಡಿಯಲ್ಲಿ ಕೋಳಿ ಮೊಟ್ಟೆಯ ಯಂತ್ರವಲ್ಲದೆ ಮತ್ತೇನು ಇರುತ್ತದೆ ಎಂದು ವಾರಿಜಾಗೆ ಫೋನಿನಲ್ಲಿ ಹೇಳಿ, ಓದಿದವರು ಹೀಗೆ ಕೆಲಸಕ್ಕೆ ಬಾರದ ದೂರು ಕೊಡಬಾರದೆಂದು ಬುದ್ಧಿಯನ್ನೂ ಹೇಳಿದ. ಜೀಪು ಬೀದಿ ದಾಟುವುದರೊಳಗೆ ಗೋಣಿಪರದೆ ಮತ್ತೆ ಮೇಲೇರಿತು.

ಆ ಸಂಜೆ ವಾರಿಜಾ ಮನೆಯ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತ ಗಂಡ ಪ್ರಹ್ಲಾದನಿಗೆ ಎಲ್ಲ ಹೇಳಿದಳು. ಅವನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು, ಅವಸರದ ಮನುಷ್ಯನಲ್ಲ. ಕೆಲಸ ಬಿಟ್ಟುಬಿಡು ಎಂದ. ತಾನು ಬಿಟ್ಟರೆ ಯಂತ್ರ ಬಿಡುತ್ತದೆಯೇ ಎಂದು ಅವಳು ಕೇಳಿದಳು. ಹಾಗಾದರೆ ಮನುಷ್ಯರ ಚರ್ಮದ ವಾಸನೆ ಸಿಕ್ಕೊಡನೆ ಯಂತ್ರ ಕೆಟ್ಟುನಿಲ್ಲುವ ಹಾಗೆ ಕೋಷ್ಟಕ ತಿದ್ದಿಬಿಡು ಎಂದ. ಅದನ್ನು ಅವಳು ಆಗಲೇ ಯೋಚಿಸಿ ಕೈಬಿಟ್ಟಿದ್ದಳು. ಯಂತ್ರ ನಿಂತರೆ ಜಯಸಿಂಹ ಇನ್ನೊಬ್ಬನನ್ನು ಕರೆಸಿ ಹದಿನೈದು ದಿನದಲ್ಲಿ ಸರಿಮಾಡಿಸುತ್ತಾನೆ. ಯಂತ್ರದ ಮೇಲೆ ಜನರಿಗೆ ನಂಬಿಕೆಯೇ ಹೋಗಬೇಕು. ಹೆಂಗಸಿನ ಹೊಟ್ಟೆಯ ಮೇಲೆ ಇಟ್ಟಾಗಲೆಲ್ಲ, ಒಳಗೆ ಯಾವ ಕೂಸಿದ್ದರೂ, ಅದು ಕೆಂಪು ದೀಪವನ್ನೇ ಹತ್ತಿಸಬೇಕು. ಗಂಡು ಎಂದೇ ಹೇಳಬೇಕು.

ಪ್ರಹ್ಲಾದ ಅವಳ ಕೈಯಿಂದ ಬಟ್ಟೆಯ ರಾಶಿ ತೆಗೆದುಕೊಂಡ. “ನೀ ವಿಜ್ಞಾನಿ. ಅಳತಿ ಮಾಡೋ ಯಂತ್ರಕ್ಕ ಸುಳ್ಳು ಕಲಸ್ತೀನಿ ಅಂತೀಯಲ್ಲ,” ಎಂದ.

“ಖರೇ ಹೇಳೋದನ್ನ ಕಲಿಸಿದಾಕಿನೂ ನಾನೇ. ಆ ಖರೇ ಕೇಳಿ ಏನ್ ಮಾಡ್ಲಿಕ್ಕೆ ಹತ್ಯಾರ ನೋಡ್ರಿ,” ಎಂದಳು ವಾರಿಜಾ.

ಮಕ್ಕಳು ಹುಟ್ಟಿದ ಮೇಲೆ ಆ ತಾಯಂದಿರ ಗತಿಯೇನು ಎಂದು ಅವನು ಕೇಳಿದ.  ಮರುದಿನ ಹುಲಿಗೆಮ್ಮಳನ್ನೇ ಕರೆದು ಮಾಡಬೇಕೆಂದಿರುವುದನ್ನು ವಿವರಿಸಿ, ಆಮೇಲೆ ಬರುವ ಬೈಗುಳ ಬಡಿತವೆಲ್ಲ ನಿನ್ನ ಪಾಲಿಗೇ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು.

“ಕೂಸು ಕೈಯಾಗ ಬಂದ ಮ್ಯಾಲ ಯಾರ್ ಏನ್ ಅಂದ್ರೂ ನಾ ನೋಡ್ಕೊಂತೀನ್ರಿ,” ಎಂದಳು ಹುಲಿಗೆಮ್ಮ. “ಬರೋದಕ್ಕ ದಾರಿ ಬಿಡಸ್ರಿ, ಅಷ್ಟಽ ಸಾಕು.”

ಆ ವಾರದ ತಿದ್ದುಪಡಿ ಎಂದಿನಂತೆ ಪ್ರಯೋಗಾಲಯದಿಂದ ಹೊರಟಿತು. ಅದರಲ್ಲಿ ಒಂದೇ ಒಂದು ಸಾಲು ಹೆಚ್ಚಿತ್ತು. ಮನುಷ್ಯರ ಚರ್ಮದ ಎಣ್ಣೆಯ ಗುರುತು ಢಾಳಾಗಿ ಸಿಕ್ಕರೆ ಮಿಕ್ಕ ಲೆಕ್ಕವನ್ನೆಲ್ಲ ಬದಿಗಿಟ್ಟು ಕೆಂಪು ದೀಪ ಹತ್ತಿಸು ಎಂಬ ಸಾಲು. ಮೊಟ್ಟೆಗಳ ವಿಷಯದಲ್ಲಿ ಮೂಗು ಮೊದಲಿನಂತೆಯೇ ನಿಜ ಹೇಳುತ್ತಿತ್ತು.

ಹುಲಿಗೆಮ್ಮ ಅತ್ತೆಗೆ, ಒಂದು ವೇಳೆ ಮಿಷಿನ್ ತಪ್ಪು ಹೇಳಿದ್ದರೆ ಗಂಡು ಕೂಸನ್ನೇ ಕೈಯಾರೆ ಕಳೆದುಕೊಂಡ ಹಾಗಾಗುತ್ತದಲ್ಲ ಎಂದಳು. ಯಂಕಮ್ಮನಿಗೆ ಆ ಮಾತು ಮುಳ್ಳಿನಂತೆ ನಾಟಿತು. ಹೊಳೆಯಾಚೆಗೆ ಹೋಗುವ ಮೊದಲು ಇನ್ನೊಮ್ಮೆ ನೋಡಿಸಿಬಿಡೋಣವೆಂದು ಅವಳೇ ಸೊಸೆಯನ್ನು ಪೇಟೆಗೆ ಎಳೆದುಕೊಂಡು ಹೋದಳು. ಮೆಕ್ಕೆಜೋಳದ ಹಿಟ್ಟು, ಒಣಮೀನಿನ ಪುಡಿಯ ವಾಸನೆಯ ನಡುವೆ ಹುಲಿಗೆಮ್ಮ ಚೀಲದ ಮೇಲೆ ಒರಗಿದಳು. ಒಮ್ಮೆ ನೋಡಿದ್ದನ್ನು ಮತ್ತೆ ಯಾಕೆ ನೋಡಬೇಕೆಂದು ಶಾಂತರಾಜ ಗೊಣಗುತ್ತಲೇ ಬಟ್ಟಲನ್ನು ಒತ್ತಿ ಹಿಡಿದ. ಹುಲಿಗೆಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಅತ್ತೆಯ ಬಾಯಿಂದ ಬಂದ ಉಸಿರು ಕೇಳಿ ಕಣ್ಣು ತೆರೆದಾಗ ದೀಪ ಕೆಂಪಗಿತ್ತು. ಯಂಕಮ್ಮ ಯಂತ್ರಕ್ಕೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು. ಶಾಂತರಾಜನೂ ಒಂದು ಗಳಿಗೆ ತಬ್ಬಿಬ್ಬಾಗಿ, ಹೋದ ಸಲ ಬಂದಾಗ ದಿನ ಸಾಕಷ್ಟಾಗಿರಲಿಲ್ಲ, ಈಗ ಸರಿಯಾಗಿ ತಿಳಿಯಿತು ಎಂದು ಸಾವರಿಸಿಕೊಂಡ.

ಅಂದಿನಿಂದ ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಣ್ಣುತ್ತಿದ್ದ ಹುಲಿಗೆಮ್ಮಳಿಗೆ ಮೊದಲ ರೊಟ್ಟಿ. ಬೆಳಿಗ್ಗೆ ಹಾಲು, ಸಂಜೆ ಉತ್ತತ್ತಿ. ಯಂಕಮ್ಮ ಬಾವಿಯ ಕಡೆ ಹೋಗಬೇಡವೆಂದಳು, ಭಾರ ಎತ್ತಬೇಡವೆಂದಳು. ದುರುಗಪ್ಪ ದಾರಿಯಲ್ಲಿ ಸಿಕ್ಕ ಮಾವಿನಕಾಯಿಯನ್ನೆಲ್ಲ ವ್ಯಾನಿನಲ್ಲಿ ತುಂಬಿಕೊಂಡು ಬಂದ. ಹುಲಿಗೆಮ್ಮ ಇದನ್ನು ವಾರಿಜಾಗೆ ಹೇಳುವಾಗ ಅವಳ ಮುಖದಲ್ಲಿ ಸಂತೋಷವಿರಲಿಲ್ಲ.

“ಮಲ್ಲಿ ಹುಟ್ಟೋ ಮುಂದ ಒಂದ್ ಲೋಟ ಹಾಲು ಕಾಣಲಿಲ್ಲ ನಾ. ಈಗ ಕುಡಸಾಕತ್ತಿದ್ದು ನನಗಲ್ರಿ, ಆ ಕೆಂಪು ದೀಪಕ್ಕ,” ಎಂದಳು. ಮಲ್ಲಿ ಎಂದರೆ ಅವಳ ಮೊದಲನೆಯ ಮಗಳು.

ತಿಂಗಳುಗಳು ಕಳೆದು, ಆ ಕೆಂಪು ದೀಪಗಳ ಕೂಸುಗಳು ಹುಟ್ಟತೊಡಗಿದವು. ಗಂಡು ಹುಟ್ಟಿದ ಮನೆಗಳಲ್ಲಿ ಶಾಂತರಾಜನ ಹೆಸರು ದೇವರ ಹೆಸರಿನ ಜೊತೆ ಸೇರಿತು. ಹೆಣ್ಣು ಹುಟ್ಟಿದ ಮನೆಗಳಲ್ಲಿ ಯಂತ್ರದ ಮೇಲೆ ಮೊದಲಿಗೆ ಯಾರೂ ಸಂಶಯಪಡಲಿಲ್ಲ. ಆಸ್ಪತ್ರೆಯವರ ಮೇಲೆ ಪಟ್ಟರು. ನಮ್ಮ ಗಂಡು ಕೂಸನ್ನು ಮಾರಿಕೊಂಡು ಯಾರದೋ ಹೆಣ್ಣನ್ನು ತೊಟ್ಟಿಲಿಗೆ ಹಾಕಿದ್ದೀರೆಂದು ನರ್ಸುಗಳನ್ನು ಹಿಡಿದು ಎಳೆದಾಡಿದರು. ಹೆರಿಗೆ ವಾರ್ಡಿನ ಕಿಟಕಿ ಗಾಜುಗಳು ಒಡೆದವು. ದೂರದ ಹಳ್ಳಿಯೊಂದರಲ್ಲಿ ಒಬ್ಬ ಬಾಣಂತಿಯನ್ನು ಕೂಸಿನ ಸಮೇತ ತವರಿಗೆ ಅಟ್ಟಿದರೆಂದು ವಾರಿಜಾ ಕೇಳಿದಳು. ವಿಚಾರಿಸಿಕೊಂಡು ಅಲ್ಲಿಗೆ ಹೋದಾಗ, ಆ ಹುಡುಗಿ ಯಾರೊಡನೆಯೂ ಮಾತಾಡುತ್ತಿಲ್ಲವೆಂದು ಅವಳ ತಾಯಿ ಬಾಗಿಲು ತೆರೆಯಲಿಲ್ಲ. ಹಿಂದಿರುಗುವ ದಾರಿಯುದ್ದಕ್ಕೂ ವಾರಿಜಾಗೆ ತನ್ನ ಮೇಲೂ ಸಿಟ್ಟು, ಜಯಸಿಂಹನ ಮೇಲೂ ಸಿಟ್ಟು, ತೊಟ್ಟಿಲಲ್ಲಿರುವ ಕೂಸನ್ನು ಕಣ್ಣಾರೆ ನೋಡಿಯೂ ದೀಪದ ಬಣ್ಣವನ್ನೇ ನಂಬುವ ಜನರ ಮೇಲೂ ಸಿಟ್ಟು.

ಹುಲಿಗೆಮ್ಮಳಿಗೂ ಹೆಣ್ಣೇ ಹುಟ್ಟಿತು. ಯಂಕಮ್ಮ ವಾರ್ಡಿನ ನೆಲದ ಮೇಲೆ ಕೂತು ಎದೆ ಬಡಿದುಕೊಂಡಳು, ಕೂಸು ನಮ್ಮದಲ್ಲವೆಂದಳು. ಗಲಾಟೆ ಎಲ್ಲೆಡೆ ಜೋರಾದಾಗ ಸರ್ಕಾರ ಕೂಸುಗಳ ರಕ್ತ ಪರೀಕ್ಷೆ ಮಾಡಿಸಿತು. ಪ್ರತಿಯೊಂದು ಕೂಸೂ ಅದರದರ ತಾಯಿ ತಂದೆಯದೇ ಎಂದು ಸಾಬೀತಾಯಿತು. ಆ ಫಲಿತಾಂಶ ಬರುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಯಾರ ಕೂಸಾದರೂ ಅದಕ್ಕೆ ನೀರು ಹಾಕಲೇಬೇಕಲ್ಲ. ಆ ಮನೆಯಲ್ಲಿ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆಯುವ ಕೈ ಯಂಕಮ್ಮನದೊಂದೇ ಆಗಿತ್ತು. ಬೈಯುತ್ತ ಬೈಯುತ್ತಲೇ ಅವಳು ದಿನಾ ಎರೆದಳು.

ಜನರ ಸಿಟ್ಟು ಈಗ ಆಸ್ಪತ್ರೆ ಬಿಟ್ಟು ಅಂಗಡಿಗಳ ಕಡೆ ತಿರುಗಿತು. ಮೂಗನ್ನು ನಂಬಬೇಡಿ ಎಂಬ ಮಾತು ಸಂತೆಯಿಂದ ಸಂತೆಗೆ ಹರಡಿತು. ಕಂಪನಿ ತನಿಖೆ ಮಾಡಿಸಿ ಆ ಹೆಚ್ಚಿನ ಸಾಲನ್ನು ಕಂಡುಹಿಡಿಯಿತು. ಅದನ್ನು ಕಳಿಸಿದವರು ಯಾರೆಂದು ಕೇಳಿದಾಗ ವಾರಿಜಾ ತಾನೇ ಎಂದಳು. ಅಂದೇ ಅವಳನ್ನು ಹೊರಗೆ ಹಾಕಿ, ಕಂಪನಿಗೆ ಮೋಸ ಮಾಡಿದಳೆಂದು ಪೊಲೀಸರಿಗೆ ದೂರು ಕೊಟ್ಟರು. ಪೆಟ್ಟು ಅಲ್ಲಿಗೇ ನಿಲ್ಲಲಿಲ್ಲ. ಮನುಷ್ಯರಿಗೆ ಸುಳ್ಳು ಹೇಳಿದ ಯಂತ್ರ ಮೊಟ್ಟೆಗೆ ನಿಜ ಹೇಳುತ್ತದೆಯೇ ಎಂದು ಹ್ಯಾಚರಿಗಳವರು ಮೂಗುಗಳನ್ನು ಹಿಂದಿರುಗಿಸಿದರು. ಹಳೆಯ ಮೇಜುಗಳು ಮತ್ತೆ ಬಂದವು, ಹೊಸ ಗಿರಣಿಗಳು ಬಂದವು. ಅದೇ ಕೋಣೆಯ ಹೆಂಗಸರು ಮತ್ತೆ ರೆಕ್ಕೆ ಬಿಡಿಸಿ ನೋಡತೊಡಗಿದರು. ಸುದ್ದಿ ತಿಳಿದ ದಿನ ವಾರಿಜಾ ಒಂದು ತುತ್ತೂ ತಿನ್ನಲಿಲ್ಲ. ಒಂದು ಜೀವ ಉಳಿಸಲು ಇನ್ನೊಂದನ್ನು ಕೊಡಲೇಬೇಕಾದ ಲೆಕ್ಕ ಹಾಕಿದವರು ಯಾರು, ಆ ಲೆಕ್ಕದಲ್ಲಿ ಜಯಸಿಂಹನ ಪಾಲು ಮಾತ್ರ ಯಾಕೆ ಸೊನ್ನೆ ಎಂದು ಪ್ರಹ್ಲಾದನನ್ನು ಕೇಳಿದಳು. 

ಹೇಳಿಕೆ ಕೊಡಲು ಕರೆದ ದಿನ ಅವಳು ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಬೆಳಗಿನಿಂದ ಮೂರು ನಾಲ್ಕು ಮನೆಯವರು ಶಾಂತರಾಜನ ಮೇಲೆ ದೂರು ಕೊಡಲು ಬಂದು ಹಾಗೆಯೇ ಮರಳಿದ್ದರು. ಅವನು ನಿಮಗೆ ಏನು ಹೇಳಿದ ಎಂದು ಇನ್ಸ್‌ಪೆಕ್ಟರ್ ಕೇಳುತ್ತಿದ್ದ. ಗಂಡು ಎಂದು ಹೇಳಿದ ಎನ್ನುತ್ತಿದ್ದರು. ನೀವು ಕೇಳಿದ್ದಕ್ಕೇ ತಾನೇ ಹೇಳಿದ್ದು, ಬರೆದುಕೊಂಡರೆ ನಿಮ್ಮ ಮೇಲೂ ಕೇಸಾಗುತ್ತದೆ ಎಂದು ಇನ್ಸ್‌ಪೆಕ್ಟರ್ ಹೇಳಿದ ಕೂಡಲೇ ಎದ್ದು ಹೋಗುತ್ತಿದ್ದರು. ಅವನ ಮುಂದಿನ ಕಾಗದ ಇನ್ನೂ ಖಾಲಿಯಾಗಿತ್ತು.

ಆಗ ಯಂಕಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಬಂದಳು. ಹಿಂದೆ ಹುಲಿಗೆಮ್ಮ. ಶಾಂತರಾಜ ಮೋಸ ಮಾಡಿದ, ಅವನನ್ನು ಒಳಗೆ ಹಾಕಬೇಕು ಎಂದು ಯಂಕಮ್ಮ ನಿಂತಲ್ಲಿಂದಲೇ ಶುರುಮಾಡಿದಳು. ಇನ್ಸ್‌ಪೆಕ್ಟರ್ ಅದೇ ಪ್ರಶ್ನೆ ಕೇಳಿ ಅದೇ ಎಚ್ಚರಿಕೆ ಕೊಟ್ಟು, “ಮನಿಗೆ ಹೋಗವ್ವ, ಮೊಮ್ಮಗಳನ್ನ ಆಡಸ್ಕೊಂಡಿರು,” ಎಂದ. ಅವಳು ಹಿಂಜರಿದು ಸೊಸೆಯ ಮುಖ ನೋಡಿದಳು.

ವಾರಿಜಾ ಬೆಂಚಿನಿಂದ ಎದ್ದಳು. ಸುಮ್ಮನಿದ್ದರೆ ಈ ಮುದುಕಿಯೂ ಮರಳಿ ಹೋಗುತ್ತಾಳೆಂದು ಅವಳಿಗೆ ಗೊತ್ತಿತ್ತು. ಹೇಳಿದರೆ ಏನಾಗುತ್ತದೆಂದು ಗೊತ್ತಿರಲಿಲ್ಲ. “ನಿಮಗ ಸುಳ್ಳು ಹೇಳಿದ್ದು ಶಾಂತರಾಜ ಅಲ್ಲ, ಯಂಕಮ್ಮ. ನಾನು. ಎರಡನೇ ಸಲ ಕೆಂಪು ದೀಪ ಹತ್ತೋ ಹಂಗ ಮಾಡಿದ್ದು ನಾನೇ,” ಎಂದಳು.

ಹುಲಿಗೆಮ್ಮ ಅತ್ತೆಯ ತೋಳು ಹಿಡಿಯಲು ಒಂದು ಹೆಜ್ಜೆ ಮುಂದೆ ಬಂದಳು. ಇನ್ಸ್‌ಪೆಕ್ಟರೂ ಜಗಳವಾಗುತ್ತದೆಂದು ಕುರ್ಚಿ ಹಿಂದಕ್ಕೆ ಸರಿಸಿದ. ಯಂಕಮ್ಮ ಮಾತ್ರ ವಾರಿಜಾಳನ್ನೇ ದಿಟ್ಟಿಸುತ್ತಿದ್ದಳು.

“ಹಂಗಾದ್ರ ಮೊದಲನೇ ಸಲ ಹೇಳಿದ್ದು ಖರೇ?”

“ಖರೇ.”

“ಅದನ್ನ ಕೇಳಿ ನಾವು ಗಾಡಿಗೆ ಹೇಳಿದ್ವಿ,” ಎಂದಳು ಯಂಕಮ್ಮ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಸೆರಗು ಸರಿಸಿ ಕೂಸಿನ ಮುಖ ನೋಡಿದಳು. ಅದು ಎಚ್ಚರವಾಗಿಯೇ ಇತ್ತು. ಬೆಳಿಗ್ಗೆ ಎರೆದ ಎಣ್ಣೆ ಅದರ ನೆತ್ತಿಯ ಮೇಲೆ ಇನ್ನೂ ಆರಿರಲಿಲ್ಲ. ಅವಳು ಬಹಳ ಹೊತ್ತು ಹಾಗೆಯೇ ನೋಡಿದಳು. ಮೋಸಹೋದೆನೆಂದು ಬಂದ ಸಿಟ್ಟು ಮುಖದಿಂದ ಇಳಿಯುತ್ತಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು. ಅದು ಪೂರ್ತಿ ಇಳಿಯುವುದರೊಳಗೆ ಬೇರೆಯೇ ಒಂದು ಸಿಟ್ಟು ಏರಿತು. 

“ಬರ್ಕೊಳ್ಳಪ್ಪ,” ಎಂದಳು ಇನ್ಸ್‌ಪೆಕ್ಟರನ ಕಡೆ ತಿರುಗಿ.

“ಅವ್ವಾ, ನಿನ್ನ ಮ್ಯಾಲೂ...”

“ನಂದೂ ಬರ್ಕೊ. ಅವ ಎರಡು ಸಲ ಹೇಳಿದ, ಎರಡೂ ಬರ್ಕೊ. ಮೊದಲನೇದು ಕೇಳಿ ನಾ ಏನ್ ಮಾಡಾಕ ಹೊಂಟಿದ್ದೆ, ಅದನ್ನೂ ಬರ್ಕೊ. ಕೋಳಿ ದಾಣಿ ಮಾರಾವ ನನ್ನ ಮೊಮ್ಮಗಳ ಮ್ಯಾಲ ಆ ಬಟ್ಲಾ ಇಟ್ಟ, ಇಡ್ಸಿದಾಕಿ ನಾನು.”

ಇನ್ಸ್‌ಪೆಕ್ಟರ್ ಬರೆಯತೊಡಗಿದ. ಮಿಷಿನ್ ಎಲ್ಲಿಂದ ಬಂತು, ಯಾರು ತಂದುಕೊಟ್ಟರು, ಪರದೆಯ ಹಿಂದೆ ಮತ್ತೆ ಯಾರ್ಯಾರಿದ್ದರು ಎಂದು ಕೇಳುತ್ತ ಹೋದ. ಅವಳು ಒಂದನ್ನೂ ಬಿಡದೆ ಹೇಳಿದಳು. ಮರಿ ವ್ಯಾನಿನಲ್ಲಿ ಆ ಪೆಟ್ಟಿಗೆಗಳನ್ನು ಅಂಗಡಿಗೆ ಮುಟ್ಟಿಸಿ ಬಾ ಎಂದು ಕಂಪನಿಯ ದೊಡ್ಡವರೇ ಮಗನಿಗೆ ಹೇಳುತ್ತಿದ್ದರೆಂದೂ ಹೇಳಿದಳು. ಹುಲಿಗೆಮ್ಮ ಗೋಡೆಗೆ ಒರಗಿ ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

ಬರೆದದ್ದನ್ನು ಓದಿ ಹೇಳಿ ಇನ್ಸ್‌ಪೆಕ್ಟರ್ ಶಾಯಿಯ ಡಬ್ಬಿ ಮುಂದಕ್ಕೆ ತಳ್ಳಿದ. ಯಂಕಮ್ಮ ಸುತ್ತ ನೋಡಿ, ಎರಡು ಹೆಜ್ಜೆ ಈಚೆ ಬಂದು, ಕೂಸನ್ನು ವಾರಿಜಾಳ ಕಡೆ ಚಾಚಿದಳು.

“ಹಿಡ್ಕೊಳ್ರಿ ಅಮ್ಮಾರ, ಕತ್ತಿನ ಕೆಳಗ ಕೈ ಕೊಟ್ಟು ಹಿಡೀರಿ,” ಎಂದಳು. “ಹೆಬ್ಬೆಟ್ಟು ಒತ್ತಬೇಕು ನಾನು.”